ಮಹಾಮಾರಿಯ ಕಾಲದಲ್ಲಿ ಮಕ್ಕಳ ಲಸಿಕೆ: ಕಡ್ಡಾಯ ಮಾಡುವ ಮೊದಲು ಕೇಳಬೇಕಾದದ್ದು

2021ರ ಅಕ್ಟೋಬರ್ 25ರಂದು ಕರ್ನಾಟಕದ ಒಂದರಿಂದ ಐದನೇ ತರಗತಿಯ ಮಕ್ಕಳು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ನಂತರ ಶಾಲೆಯ ಮೆಟ್ಟಿಲು ಹತ್ತಿದರು. ಅಂದು ದೇಶದ ಲಸಿಕೆ ಅಭಿಯಾನದಲ್ಲಿ ಹದಿನೆಂಟು ತುಂಬದವರಿಗೆ ಕೋವಿಡ್ ಲಸಿಕೆ ಇರಲಿಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದವು. ಮರುದಿನವೇ ರಾಜ್ಯ ಸರ್ಕಾರ ಹೊಸ ನಿಯಮ ಹೊರಡಿಸಿತು. ಮಾಲ್, ಚಿತ್ರಮಂದಿರಗಳಿಗೆ ಕಾಲಿಡಲು ಎರಡು ಡೋಸ್ ಆಗಿರಬೇಕು, ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗೂ ಎರಡು ಡೋಸ್ ಆಗಿರಬೇಕು. ಮಗುವಿಗೆ ಇಲ್ಲದ ಲಸಿಕೆಯನ್ನು ಮಗುವಿನ ಹೆಸರಿನಲ್ಲಿ ಅಪ್ಪ ಅಮ್ಮನಿಗೆ ಕಡ್ಡಾಯ ಮಾಡಿದ ವಿಚಿತ್ರ ಏರ್ಪಾಡು ಅದು.

2022ರ ಜನವರಿ 3ರಂದು 15ರಿಂದ 18ರ ವಯಸ್ಸಿನವರಿಗೆ ಕೋವ್ಯಾಕ್ಸಿನ್ ಬಂತು, ಮಾರ್ಚ್ 16ರಂದು 12ರಿಂದ 14ರ ವಯಸ್ಸಿನವರಿಗೆ ಕಾರ್ಬೆವ್ಯಾಕ್ಸ್. ಒಪ್ಪಿಗೆಯಿಲ್ಲದೆ ಯಾರಿಗೂ ಲಸಿಕೆ ಹಾಕುವುದಿಲ್ಲ ಎಂದು ಕೇಂದ್ರ ಸರ್ಕಾರ ಆ ಜನವರಿಯಲ್ಲೇ ಸುಪ್ರೀಂ ಕೋರ್ಟಿಗೆ ಲಿಖಿತವಾಗಿ ಹೇಳಿತು. ಅದೇ ತಿಂಗಳು ಹರಿಯಾಣದ ಆರೋಗ್ಯ ಸಚಿವರು ಲಸಿಕೆ ಪಡೆಯದ 15–18ರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯುವುದಿಲ್ಲ ಎಂದು ಘೋಷಿಸಿದರು. ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಪೋಷಕರು ಕೇಳಿದ್ದು ಒಂದೇ ಪ್ರಶ್ನೆ: ಇದು ಕಡ್ಡಾಯವೋ ಅಲ್ಲವೋ?

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಉಸಿರಿನಲ್ಲಿ ಉತ್ತರಿಸುವವರನ್ನು ನಾನು ನಂಬುವುದಿಲ್ಲ. ಯಾವ ರೋಗ, ಯಾವ ಲಸಿಕೆ, ತಪ್ಪಿದವರಿಗೆ ಯಾವ ಶಿಕ್ಷೆ ಎಂಬುದು ಗೊತ್ತಾಗದೆ ಉತ್ತರವೇ ಹುಟ್ಟುವುದಿಲ್ಲ.

ಮೊದಲು ಶಿಕ್ಷೆಯ ವಿಷಯ ನೋಡೋಣ. ಕಡ್ಡಾಯ ಎಂದೊಡನೆ ಪೊಲೀಸರು ಮಗುವಿನ ತೋಳು ಹಿಡಿದು ಸೂಜಿ ಚುಚ್ಚಿಸುವ ಚಿತ್ರ ಕಣ್ಣಿಗೆ ಬರುತ್ತದೆ. ಕಾನೂನಿನ ಚರಿತ್ರೆಯಲ್ಲಿ ಅದು ಅಪರೂಪ. ಇಂಗ್ಲೆಂಡ್ 1853ರಲ್ಲಿ ಹಸುಗೂಸುಗಳಿಗೆ ಸಿಡುಬಿನ ಲಸಿಕೆ ಕಡ್ಡಾಯ ಮಾಡಿದಾಗ ತಪ್ಪಿದ ತಂದೆತಾಯಿಗೆ ದಂಡ ಹಾಕಿತು. 1867ರ ಕಾಯ್ದೆಯ ನಂತರ ಅದೇ ಮಗುವಿಗಾಗಿ ಮತ್ತೆ ಮತ್ತೆ ದಂಡ ವಿಧಿಸಲು ಅವಕಾಶವಾಯಿತು. ಕಟ್ಟಲಾಗದವರು ಜೈಲಿಗೆ ಹೋದರು, ಕೆಲವರ ಮನೆಯ ಸಾಮಾನು ಜಪ್ತಿಯಾಯಿತು. ದಂಡ ಕಟ್ಟಿ ಆರಾಮವಾಗಿ ಇರಬಲ್ಲ ಸಿರಿವಂತನಿಗೆ ಆ ಕಾಯ್ದೆ ಕಡ್ಡಾಯವೇ ಆಗಿರಲಿಲ್ಲ ಎಂಬುದನ್ನು ಗಮನಿಸಿ. 1885ರಲ್ಲಿ ಲೆಸ್ಟರ್ ಪಟ್ಟಣದಲ್ಲಿ ಸಾವಿರಾರು ಜನ ಬೀದಿಗಿಳಿದರು. ಕೊನೆಗೆ 1898ರಲ್ಲಿ ಸರ್ಕಾರವೇ ಮಣಿದು, ಮನಸ್ಸಾಕ್ಷಿಯ ಕಾರಣ ಹೇಳುವವರಿಗೆ ವಿನಾಯಿತಿ ಕೊಟ್ಟಿತು.

ಅಮೆರಿಕದ ಸುಪ್ರೀಂ ಕೋರ್ಟಿನ 1905ರ ಜೇಕಬ್ಸನ್ ತೀರ್ಪನ್ನು ಕಡ್ಡಾಯದ ಪರ ಇರುವವರೆಲ್ಲ ಉದಾಹರಿಸುತ್ತಾರೆ. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನಲ್ಲಿ ಸಿಡುಬು ಹಬ್ಬಿದ್ದಾಗ ಲಸಿಕೆ ಬೇಡವೆಂದ ಪಾದ್ರಿಯೊಬ್ಬರಿಗೆ ಹಾಕಿದ್ದು ಐದು ಡಾಲರ್ ದಂಡ. ಅಷ್ಟು ಮಾಡಬಹುದು ಎಂದು ಕೋರ್ಟು ಹೇಳಿತು. ಅವರು ವಯಸ್ಕರು, ರೋಗ ಕಣ್ಣೆದುರೇ ಇತ್ತು, ಲಸಿಕೆಗೆ ನೂರು ವರ್ಷದ ಅನುಭವವಿತ್ತು. ಮಕ್ಕಳ ವಿಷಯ ಬಂದದ್ದು 1922ರಲ್ಲಿ, ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ. ಲಸಿಕೆಯಿಲ್ಲದ ಮಗುವನ್ನು ಶಾಲೆಯಿಂದ ಹೊರಗಿಡುವುದು ತಪ್ಪಲ್ಲ ಎಂದು ಅದೇ ಕೋರ್ಟು ಒಪ್ಪಿತು. ಮಕ್ಕಳ ಲಸಿಕೆಗೆ ಶಾಲೆಯ ಗೇಟನ್ನೇ ಕಾವಲು ನಿಲ್ಲಿಸುವ ಪದ್ಧತಿ ಆ ದೇಶದಲ್ಲಿ ಬೇರು ಬಿಟ್ಟಿತು. ಆಸ್ಟ್ರೇಲಿಯಾ 2016ರಿಂದ ಲಸಿಕೆ ಹಾಕಿಸದ ಕುಟುಂಬಗಳ ಕೆಲವು ಸರ್ಕಾರಿ ಭತ್ಯೆಗಳನ್ನು ನಿಲ್ಲಿಸಿತು. ಇಟಲಿ 2017ರಲ್ಲಿ ಹತ್ತು ಲಸಿಕೆಗಳನ್ನು ಕಡ್ಡಾಯ ಮಾಡಿ, ಆರು ವರ್ಷದೊಳಗಿನವರನ್ನು ಶಿಶುವಿಹಾರದಿಂದ ದೂರವಿಟ್ಟಿತು, ದೊಡ್ಡ ಮಕ್ಕಳ ಪೋಷಕರಿಗೆ ದಂಡ ಹಾಕಿತು.

ಕೋವಿಡ್ ನಡುವೆಯೇ, 2021ರ ಏಪ್ರಿಲ್ 8ರಂದು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಜೆಕ್ ಗಣರಾಜ್ಯದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟಿತು. ಪೋಲಿಯೋ, ಧನುರ್ವಾಯು, ದಡಾರ ಮೊದಲಾದ ರೋಗಗಳ ಲಸಿಕೆಯನ್ನು ಮಕ್ಕಳಿಗೆ ಕಡ್ಡಾಯ ಮಾಡುವುದು ಹಕ್ಕುಗಳ ಉಲ್ಲಂಘನೆಯಲ್ಲ ಎಂದು ಹದಿನೇಳು ನ್ಯಾಯಾಧೀಶರಲ್ಲಿ ಹದಿನಾರು ಮಂದಿ ಹೇಳಿದರು. ಅದನ್ನು ಕೋವಿಡ್ ಲಸಿಕೆಯ ಕಡ್ಡಾಯಕ್ಕೆ ಸಿಕ್ಕ ಮುದ್ರೆ ಎಂಬಂತೆ ಹಲವರು ಹಂಚಿಕೊಂಡರು. ಆ ಮೊಕದ್ದಮೆಯಲ್ಲಿ ಕೋವಿಡ್ ಇರಲೇ ಇಲ್ಲ. ದಶಕಗಳಿಂದ ಬಳಸಿ ಪರಿಚಯವಿರುವ ಲಸಿಕೆಗಳ ಬಗ್ಗೆ ಮಾತ್ರ ಅದು ಮಾತನಾಡಿತ್ತು. ಇನ್ನೊಂದು ಅಂಶ ಯಾರ ಕಣ್ಣಿಗೂ ಬಿದ್ದಂತಿಲ್ಲ. ಲಸಿಕೆಯಿಲ್ಲದ ಮಕ್ಕಳನ್ನು ಹೊರಗಿಟ್ಟದ್ದು ಶಿಶುವಿಹಾರದಿಂದ ಮಾತ್ರ, ಪ್ರಾಥಮಿಕ ಶಾಲೆಯ ಪ್ರವೇಶಕ್ಕೆ ಲಸಿಕೆ ಅಡ್ಡಿಯಾಗುವುದಿಲ್ಲ ಎಂಬುದನ್ನು ನ್ಯಾಯಾಲಯ ಸರ್ಕಾರದ ಪರವಾದ ಅಂಶವಾಗಿ ಎಣಿಸಿತು. ಕಡ್ಡಾಯ ಉಳಿಯಲು ಶಿಕ್ಷೆ ಹಗುರವಾಗಿದ್ದದ್ದೂ ಒಂದು ಕಾರಣ.

ಇನ್ನು ರೋಗದ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಊರಿನಲ್ಲಿ ದಡಾರ ಬಂದ ಒಂದು ಮಗು ಸರಾಸರಿ 12ರಿಂದ 18 ಜನರಿಗೆ ಅದನ್ನು ಹರಡುತ್ತದೆ. ಒಬ್ಬರಿಂದ ಒಬ್ಬರಿಗಿಂತ ಕಡಿಮೆ ಜನರಿಗೆ ದಾಟುವಂತಾದರೆ ರೋಗ ತಾನಾಗಿ ಸೊರಗುತ್ತದೆ. ಹದಿನೈದು ಜನರಿಗೆ ಹರಡುವ ರೋಗ ಹಾಗೆ ಸೊರಗಬೇಕಾದರೆ ಆ ಹದಿನೈದರಲ್ಲಿ ಹದಿನಾಲ್ಕು ಜನ ರಕ್ಷಿತರಾಗಿರಬೇಕು, ಅಂದರೆ ನೂರಕ್ಕೆ ಸುಮಾರು 93. ಲಸಿಕೆ ಎಲ್ಲರಲ್ಲೂ ಫಲಿಸುವುದಿಲ್ಲವಾದ್ದರಿಂದ ಆರೋಗ್ಯ ಇಲಾಖೆಗಳು 95ರ ಗುರಿ ಇಟ್ಟುಕೊಳ್ಳುತ್ತವೆ. ದಡಾರದ ಲಸಿಕೆ ಎರಡು ಡೋಸ್ ಆದವರಲ್ಲಿ ಶೇ 97ರಷ್ಟು ಜನರನ್ನು ರೋಗದಿಂದಲೇ ಕಾಯುತ್ತದೆ, ಬಹುಪಾಲು ಜನರಲ್ಲಿ ಜೀವನಪೂರ್ತಿ. ಹಾಗಾಗಿ ನನ್ನ ಮಗುವಿಗೆ ಹಾಕಿಸಿದ ಲಸಿಕೆ ಪಕ್ಕದ ಮನೆಯ ಆರು ತಿಂಗಳ ಕೂಸಿಗೂ ರಕ್ಷೆ. ನಮ್ಮ ವೇಳಾಪಟ್ಟಿಯಲ್ಲಿ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಆ ಕೂಸಿಗೆ ತಾಯಿಯಿಂದ ಬಂದು ದಿನದಿನಕ್ಕೂ ಇಳಿಯುವ ಪ್ರತಿಕಾಯಗಳು ಮತ್ತು ಸುತ್ತಲಿನವರ ಲಸಿಕೆ, ಇವೆರಡೇ ದಿಕ್ಕು. ಇನ್ನೊಬ್ಬರ ಮಗುವಿನ ಜೀವ ನನ್ನ ನಿರ್ಧಾರಕ್ಕೆ ಕಟ್ಟುಬಿದ್ದಿರುವಲ್ಲಿ ‘ಇದು ನನ್ನ ಮನೆಯ ವಿಷಯ’ ಎನ್ನುವ ವಾದ ತೂಕ ಕಳೆದುಕೊಳ್ಳುತ್ತದೆ. ಕಡ್ಡಾಯಕ್ಕೆ ಇರುವ ಗಟ್ಟಿ ಬುನಾದಿ ಇದೊಂದೇ.

ಮಕ್ಕಳ ಕೋವಿಡ್ ಲಸಿಕೆಯನ್ನು ಇದೇ ತಕ್ಕಡಿಗೆ ಹಾಕಿದರೆ ಬುನಾದಿ ಅಲುಗಾಡುತ್ತದೆ. ಲಸಿಕೆಗಳು ತೀವ್ರ ಕಾಯಿಲೆಯನ್ನೂ ಸಾವನ್ನೂ ಚೆನ್ನಾಗಿ ತಡೆದವು, ಅದರಲ್ಲಿ ಅನುಮಾನವಿಲ್ಲ. ಸೋಂಕನ್ನು ತಡೆಯುವ ಶಕ್ತಿ ಮಾತ್ರ ತಿಂಗಳುಗಳಲ್ಲಿ ಕುಗ್ಗಿತು, ಓಮಿಕ್ರಾನ್ ಬಂದ ಮೇಲೆ ಇನ್ನಷ್ಟು. ಮಗುವಿಗೆ ಹಾಕಿಸಿ ಅಜ್ಜಿಯನ್ನು ಕಾಯುತ್ತೇವೆ ಎಂಬ ಲೆಕ್ಕ ಅಷ್ಟಾಗಿ ಕೂಡಲಿಲ್ಲ. ಅಜ್ಜಿಗೇ ಹಾಕಿಸುವುದು ಹೆಚ್ಚು ಖಚಿತವಾಗಿತ್ತು. ಸಕ್ಕರೆ ಕಾಯಿಲೆ, ರಕ್ತದ ಕ್ಯಾನ್ಸರ್ ಮುಂತಾದವು ಇದ್ದ ಮಕ್ಕಳಿಗೆ ಕೋವಿಡ್ ನಿಜಕ್ಕೂ ಅಪಾಯವೇ ಆಗಿತ್ತು. ಸೋಂಕು ಕಳೆದ ವಾರಗಳ ನಂತರ ಹಲವು ಅಂಗಗಳಿಗೆ ಉರಿಯೂತ ತರುವ ತೊಂದರೆಯನ್ನೂ ಮಕ್ಕಳ ವೈದ್ಯರು ಕಂಡರು. ಆದರೆ ಆರೋಗ್ಯವಂತ ಮಗುವಿನಲ್ಲಿ ತೀವ್ರ ಕಾಯಿಲೆ ವಿರಳ. ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್–ಜುಲೈನಲ್ಲಿ ನಡೆಸಿದ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ 6–9ರ ವಯಸ್ಸಿನ ಶೇ 57.2, 10–17ರ ಶೇ 61.6 ಮಕ್ಕಳ ರಕ್ತದಲ್ಲಿ ಪ್ರತಿಕಾಯಗಳು ಸಿಕ್ಕಿದವು. ಲಸಿಕೆ ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ಬಂದು ಹೋಗಿತ್ತು.

ಬೇರೆ ದೇಶಗಳೂ ಇಲ್ಲಿ ತಡವರಿಸಿದವು. ಬ್ರಿಟನ್ನಿನ ಲಸಿಕೆ ಸಲಹಾ ಸಮಿತಿ 2021ರ ಸೆಪ್ಟೆಂಬರ್‌ನಲ್ಲಿ 12–15ರ ಆರೋಗ್ಯವಂತ ಮಕ್ಕಳಿಗೆ ಸಾರ್ವತ್ರಿಕ ಲಸಿಕೆಯನ್ನು ಶಿಫಾರಸು ಮಾಡಲಿಲ್ಲ. ಲಾಭ ಹಾನಿಗಿಂತ ತುಸು ಹೆಚ್ಚಿದ್ದರೂ ಅಂತರ ತೀರಾ ಕಡಿಮೆ ಎಂದಿತು. ಎಂಆರ್‌ಎನ್‌ಎ ಎಂಬ ಬಗೆಯ (ಫೈಜರ್, ಮೊಡೆರ್ನಾದಂಥ) ಲಸಿಕೆಯ ನಂತರ ಹದಿಹರೆಯದ ಹುಡುಗರಲ್ಲಿ ಅಪರೂಪಕ್ಕೆ ಕಾಣಿಸಿಕೊಂಡ ಹೃದಯ ಸ್ನಾಯುವಿನ ಉರಿಯೂತ ಅವರ ಮುಂದಿತ್ತು. ಹತ್ತು ದಿನ ಕಳೆದು ನಾಲ್ಕು ಪ್ರಾಂತ್ಯಗಳ ಮುಖ್ಯ ವೈದ್ಯಾಧಿಕಾರಿಗಳು, ಶಾಲೆ ತಪ್ಪುವುದರ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಂದು ಡೋಸ್ ಕೊಡಿ ಎಂದರು. ಅತ್ತ ಕೋಸ್ಟರಿಕಾ ಆ ನವೆಂಬರ್‌ನಲ್ಲೇ ಮಕ್ಕಳ ಕೋವಿಡ್ ಲಸಿಕೆಯನ್ನು ಕಡ್ಡಾಯ ಪಟ್ಟಿಗೆ ಸೇರಿಸಿತು. ಕ್ಯಾಲಿಫೋರ್ನಿಯಾ ಅಕ್ಟೋಬರ್‌ನಲ್ಲಿ ಅಬ್ಬರದಿಂದ ಘೋಷಿಸಿ, ಮುಂದೂಡಿ, 2023ರ ಆರಂಭದಲ್ಲಿ ಸುಮ್ಮನೆ ಕೈಬಿಟ್ಟಿತು. ತಜ್ಞರೇ ಸಣ್ಣ ಅಂತರದ ಬಗ್ಗೆ ಚರ್ಚಿಸುತ್ತಿರುವಾಗ ಶಿಫಾರಸು ಮಾಡಬಹುದು. ಒಪ್ಪದವರನ್ನು ದಂಡಿಸುವಷ್ಟು ಖಾತ್ರಿ ಆಗ ಸರ್ಕಾರದ ಕೈಯಲ್ಲಿ ಇರುವುದಿಲ್ಲ.

ನಮ್ಮ ಸುಪ್ರೀಂ ಕೋರ್ಟು 2022ರ ಮೇ 2ರಂದು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಹೂಡಿದ್ದ ಮೊಕದ್ದಮೆಯದು. ಅದರಲ್ಲಿ ಬಳಸಿದ ಅಳತೆಗೋಲಿಗೆ ಕರ್ನಾಟಕದ ನಂಟಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಕೊಟ್ಟ ತೀರ್ಪಿನ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿನ ಮೇಲೆ ಸರ್ಕಾರ ಕೈಯಿಡಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಹಾಕಿದ ಕಟ್ಟು ಉದ್ದೇಶದ ಅಳತೆ ಮೀರಬಾರದು ಎಂಬ ಮೂರು ಪರೀಕ್ಷೆಗಳು ಅಲ್ಲಿಂದ ಬಂದವು. ಪುಲಿಯೆಲ್ ತೀರ್ಪು ಅವನ್ನೇ ಹಿಡಿದು, ತನ್ನ ದೇಹದ ಮೇಲಿನ ಹಕ್ಕು ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯಲ್ಲಿದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಮುದಾಯದ ಆರೋಗ್ಯಕ್ಕಾಗಿ ನಿರ್ಬಂಧ ಹಾಕಬಹುದು ಎಂಬುದನ್ನೂ ಒಪ್ಪಿತು. ಆದರೆ ಲಸಿಕೆ ಪಡೆಯದವರು ಪಡೆದವರಿಗಿಂತ ಹೆಚ್ಚು ಸೋಂಕು ಹರಡುತ್ತಾರೆ ಎಂಬುದಕ್ಕೆ ಸರ್ಕಾರಗಳು ದಾಖಲೆ ಮುಂದಿಡಲಿಲ್ಲ, ಆದ್ದರಿಂದ ರಾಜ್ಯಗಳ ನಿರ್ಬಂಧಗಳು ಅಳತೆ ಮೀರಿವೆ ಎಂದು ತೀರ್ಮಾನಿಸಿತು. ಮಕ್ಕಳಿಗೆ ಲಸಿಕೆ ಕೊಡುವ ನೀತಿಯಲ್ಲಿ ತಪ್ಪು ಕಾಣಲಿಲ್ಲ, ಆದರೆ ಪ್ರಯೋಗಗಳ ಮುಖ್ಯ ಫಲಿತಾಂಶಗಳನ್ನು ಬಹಿರಂಗಪಡಿಸಿ ಎಂದು ಆದೇಶಿಸಿತು. ಲಸಿಕೆ ವಿರೋಧಿಗಳು ಈ ತೀರ್ಪನ್ನು ತಮ್ಮ ಗೆಲುವೆಂದು ಹೇಳಿಕೊಳ್ಳುತ್ತಾರೆ. ಲಸಿಕೆ ನೀತಿಯನ್ನು ಎತ್ತಿಹಿಡಿದ ಪುಟಗಳನ್ನು ಅವರು ತಿರುವಿ ಹಾಕಿರಲಿಕ್ಕಿಲ್ಲ.

ಮಗುವಿನ ಪರವಾಗಿ ಒಪ್ಪಿಗೆ ಕೊಡುವವರು ಯಾರು? ಲಸಿಕೆಯ ಚರಿತ್ರೆ ಈ ವಿಷಯದಲ್ಲಿ ಮೊದಲಿನಿಂದಲೂ ಮುಜುಗರದ್ದೇ. 1803ರಲ್ಲಿ ಸ್ಪೇನ್ ತನ್ನ ವಸಾಹತುಗಳಿಗೆ ಸಿಡುಬಿನ ಲಸಿಕೆ ಸಾಗಿಸಿದ್ದು 22 ಅನಾಥ ಹುಡುಗರ ತೋಳುಗಳಲ್ಲಿ. ಒಬ್ಬನ ಬೊಕ್ಕೆಯ ರಸವನ್ನು ಮತ್ತೊಬ್ಬನಿಗೆ ದಾಟಿಸುತ್ತಾ ಸಾಗರ ದಾಟಿದರು. ಅಷ್ಟು ದೂರ ಹೋಗುವುದೇಕೆ, 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆಯೊಂದು ನಡೆಯಿತು. ಹತ್ತರಿಂದ ಹದಿನಾಲ್ಕು ವರ್ಷದ ಹುಡುಗಿಯರು, ಅವರಲ್ಲಿ ಬಹಳಷ್ಟು ಮಂದಿ ಬುಡಕಟ್ಟು ಮಕ್ಕಳ ಆಶ್ರಮ ಶಾಲೆಗಳಲ್ಲಿ ಇದ್ದವರು. ತಂದೆತಾಯಿ ಸಹಿ ಹಾಕಬೇಕಾದ ಒಪ್ಪಿಗೆ ಪತ್ರಗಳಿಗೆ ಹಾಸ್ಟೆಲ್ ವಾರ್ಡನ್‌ಗಳು ಸಾಲುಸಾಲಾಗಿ ಸಹಿ ಹಾಕಿದ್ದರು. ಕೆಲವು ಹುಡುಗಿಯರ ಸಾವಿನ ಸುದ್ದಿ ಬಂದು 2010ರಲ್ಲಿ ಯೋಜನೆ ನಿಂತಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ತನಿಖಾ ಸಮಿತಿ ಹೇಳಿದರೂ ಒಪ್ಪಿಗೆ ಪಡೆದ ರೀತಿಯನ್ನು ಯಾರೂ ಸಮರ್ಥಿಸಲಾಗಲಿಲ್ಲ. 2013ರಲ್ಲಿ ಸಂಸದೀಯ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಇಂಥ ಒಳ್ಳೆಯ ಲಸಿಕೆಯೊಂದು ಈ ದೇಶದಲ್ಲಿ ವರ್ಷಗಟ್ಟಲೆ ಅನುಮಾನದ ಹೊರೆ ಹೊತ್ತದ್ದು ವಾರ್ಡನ್‌ಗಳ ಆ ಸಹಿಗಳಿಂದ.

ಶಾಲೆಯ ಗೇಟಿನ ಮಾತಿಗೆ ಬಂದರೆ, ನನ್ನ ಅಭಿಪ್ರಾಯ ಖಚಿತ: ಭಾರತದಲ್ಲಿ ಅದು ಸಲ್ಲದು. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಗುವಿಗೆ ಶಾಲೆಯನ್ನು ಹಕ್ಕಾಗಿಸಿದೆ. ವಯಸ್ಸಿನ ದಾಖಲೆ ಇಲ್ಲ ಎಂದು ಕೂಡ ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ. ಅಂಥಲ್ಲಿ ಲಸಿಕೆಯ ಚೀಟಿ ಕೇಳುವುದು ಹೇಗೆ? ಅದಕ್ಕಿಂತ ಮುಖ್ಯವಾಗಿ, ನಮ್ಮ ಸರ್ಕಾರಿ ಶಾಲೆಯಲ್ಲಿ ಪಾಠದ ಜೊತೆ ಬಿಸಿಯೂಟವಿದೆ, ಹಾಲಿದೆ. ತಪ್ಪು ತಂದೆಯದು, ಊಟ ತಪ್ಪುವುದು ಮಗುವಿಗೆ. ರೋಗ ಶಾಲೆಯಲ್ಲಿ ಹರಡುತ್ತಿರುವಾಗ ಲಸಿಕೆಯಿಲ್ಲದ ಮಗುವನ್ನು ಎರಡು ಮೂರು ವಾರ ಮನೆಯಲ್ಲಿರಿಸುವುದು ಬೇರೆ ಮಾತು. ಅದು ಆ ಮಗುವನ್ನೇ ಕಾಯುವ ಕ್ರಮ.

ಇಷ್ಟೆಲ್ಲ ವಾದ ಕೋವಿಡ್ ಲಸಿಕೆಯ ಸುತ್ತ ನಡೆಯುತ್ತಿದ್ದಾಗ ಹಳೆಯ ಲಸಿಕೆಗಳು ಸದ್ದಿಲ್ಲದೆ ತಪ್ಪಿಹೋಗುತ್ತಿದ್ದವು. 2021ರಲ್ಲಿ ಜಗತ್ತಿನ ಎರಡೂವರೆ ಕೋಟಿ ಮಕ್ಕಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆ ಪೂರ್ತಿಯಾಗಲಿಲ್ಲ ಅಥವಾ ಆರಂಭವೇ ಆಗಲಿಲ್ಲ. ಮೂವತ್ತು ವರ್ಷಗಳಲ್ಲೇ ಅತಿ ದೊಡ್ಡ ಹಿನ್ನಡೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದವು. ಆ ಲಸಿಕೆಯ ಮೊದಲ ಡೋಸೂ ಸಿಗದ ಭಾರತದ ಮಕ್ಕಳು 2019ರಲ್ಲಿ ಸುಮಾರು 14 ಲಕ್ಷ ಇದ್ದವರು 2021ರಲ್ಲಿ 27 ಲಕ್ಷವಾದರು.

ಇವರ ತಂದೆತಾಯಿಗಳೆಲ್ಲ ಲಸಿಕೆ ಬೇಡವೆಂದವರಲ್ಲ. ದಡಾರ–ರುಬೆಲ್ಲಾ ಲಸಿಕೆಯ ಒಂದು ಸೀಸೆಯನ್ನು ತೆಗೆದುಕೊಳ್ಳಿ. ಒಳಗಿರುವುದು ಪುಡಿ, ಐದು ಅಥವಾ ಹತ್ತು ಮಕ್ಕಳಿಗೆ ಆಗುವಷ್ಟು. ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಎಸೆಯಲೇಬೇಕು. ಐಸ್ ಪ್ಯಾಕ್ ತುಂಬಿದ ಡಬ್ಬಿ ಹೊತ್ತು ಅಂಗನವಾಡಿಗೆ ಬಂದ ಆರೋಗ್ಯ ಸಹಾಯಕಿಯ ಮುಂದೆ ಅಂದು ಕುಳಿತಿರುವುದು ಒಂದೇ ಕೂಸು ಎಂದಿಟ್ಟುಕೊಳ್ಳಿ. ಒಂದೇ ಮಗುವಾದರೂ ಸೀಸೆ ತೆರೆಯಿರಿ ಎನ್ನುವುದು ನಿಯಮ. ಉಳಿದ ಡೋಸ್‌ಗಳು ಹಾಳಾದದ್ದಕ್ಕೆ ಮೇಲಿನವರು ಕೇಳಿದರೆ ಏನು ಹೇಳಲಿ ಎಂಬುದು ಅವರ ಅಂಜಿಕೆ. ‘ಮುಂದಿನ ಸಲ ಬಾಮ್ಮ, ನಾಲ್ಕು ಮಕ್ಕಳಾದಾಗ ಹಾಕುತ್ತೇನೆ’ ಎನ್ನುತ್ತಾರೆ. ಆ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದವಳು. ಮುಂದಿನ ಸಲದ ಹೊತ್ತಿಗೆ ಲಾಕ್‌ಡೌನ್, ಬಸ್ಸಿಲ್ಲ, ಆಶಾ ಕಾರ್ಯಕರ್ತೆಯರೆಲ್ಲ ಕೋವಿಡ್ ಸಮೀಕ್ಷೆಗೆ. ತಾಯಿ ಕಾರ್ಡಿನ ಆ ಚೌಕ ಖಾಲಿಯೇ ಉಳಿಯುತ್ತದೆ. ದಂಡ ಹಾಕುವುದಾದರೆ ಇಲ್ಲಿ ಯಾರಿಗೆ ಹಾಕಬೇಕು?

ಸೀಸೆಯ ಕಥೆಯ ಫಲ 2022ರ ಕೊನೆಗೆ ಮುಂಬೈಯ ಗೋವಂಡಿಯಲ್ಲಿ ಕಂಡಿತು. ಕಿಕ್ಕಿರಿದ ಕೊಳೆಗೇರಿಗಳಲ್ಲಿ ದಡಾರ ಹಬ್ಬಿ ಮಕ್ಕಳು ಸತ್ತರು. ದಡಾರ ಹಬ್ಬಿದ ಪ್ರದೇಶಗಳಲ್ಲಿ ಒಂಬತ್ತು ತಿಂಗಳಿಂದ ಐದು ವರ್ಷದವರೆಗಿನ ಎಲ್ಲರಿಗೂ ಹೆಚ್ಚುವರಿ ಡೋಸ್ ಕೊಡಿ, ಎಳೆಯ ಕೂಸುಗಳಲ್ಲೂ ರೋಗ ಹೆಚ್ಚಿರುವಲ್ಲಿ ಆರು ತಿಂಗಳಿಗೇ ಒಂದು ಡೋಸ್ ಕೊಡಿ ಎಂದು ಕೇಂದ್ರ ಸಲಹೆ ನೀಡಿತು. ಲಸಿಕೆ ತಂಡಗಳು ಮನೆಮನೆಗೆ ಹೋದವು. ಹೀಗೆ ಬಾಗಿಲಿಗೆ ಹೋಗುವ ವಿದ್ಯೆ ನಮಗೆ ಹೊಸದಲ್ಲ. ಪಶ್ಚಿಮ ಉತ್ತರಪ್ರದೇಶದಲ್ಲಿ ಪೋಲಿಯೋ ಹನಿ ಹಾಕಿಸಿದರೆ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತು ಹಬ್ಬಿ ಮನೆಗಳು ಕದ ಮುಚ್ಚಿದ್ದವು. ಆ ಕದ ತೆರೆಸಿದ್ದು ಅದೇ ಓಣಿಯ ಹೆಂಗಸರು ಮತ್ತು ಮಸೀದಿಗಳ ಇಮಾಮರು, ಕಾಯ್ದೆಯಲ್ಲ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ವರದಿಯಾಯಿತು. ಅದಕ್ಕೂ ಎರಡು ಶತಮಾನ ಹಿಂದೆ ಮೈಸೂರಿನ ರಾಣಿಯರ ವರ್ಣಚಿತ್ರವೊಂದರಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದನ್ನು, ಸಿಡುಬಿನ ಲಸಿಕೆಗೆ ಜನರನ್ನು ಒಲಿಸಲು ಮಾಡಿದ ಪ್ರಚಾರ ಎಂದು ಕೆಲವು ಇತಿಹಾಸಕಾರರು ಓದುತ್ತಾರೆ. ಬಲವಂತದ ಅಧ್ಯಾಯವೂ ನಮ್ಮಲ್ಲಿದೆ. 1974–75ರಲ್ಲಿ ಸಿಡುಬಿನ ಕೊನೆಯ ಹಂತದಲ್ಲಿ ರಾತ್ರಿ ಬಾಗಿಲು ಮುರಿದು ಲಸಿಕೆ ಹಾಕಿದ್ದು ದಾಖಲಾಗಿದೆ. ಸಿಡುಬು ಹೋಯಿತು ನಿಜ. ಸೂಜಿ ಹಿಡಿದು ಬರುವ ಸರ್ಕಾರದ ಭಯವೂ ಆ ಊರುಗಳಲ್ಲಿ ಬಹಳ ಕಾಲ ಉಳಿಯಿತು.

ಹಾಗಾದರೆ ಕಡ್ಡಾಯ ಎಂದೂ ಬೇಡವೇ? ಹಾಗೆ ಹೇಳಲಾರೆ. ಮಕ್ಕಳನ್ನೇ ಕೊಲ್ಲುವ ರೋಗ ನಾಳೆ ಬರಬಹುದು, ಹರಡುವುದನ್ನು ನಿಲ್ಲಿಸುವ ಲಸಿಕೆಯೂ ಜೊತೆಗೇ ಬರಬಹುದು. ಆಗ ಕಡ್ಡಾಯದ ಪರ ನಾನೇ ಬರೆದೇನು. ಆದರೆ ಅದರ ಮೊದಲ ಷರತ್ತು ಸರ್ಕಾರಕ್ಕೇ ಅನ್ವಯಿಸಬೇಕು. ಲಸಿಕೆ ಪ್ರತಿ ಉಪಕೇಂದ್ರಕ್ಕೆ ತಲುಪಿರಬೇಕು, ಒಂದೇ ಮಗುವಿಗೂ ಸೀಸೆ ತೆರೆಯುವ ಧೈರ್ಯ ಸಹಾಯಕಿಗೆ ಇರಬೇಕು, ವೈದ್ಯಕೀಯ ಕಾರಣವಿರುವ ಮಗುವಿಗೆ ವಿನಾಯಿತಿ ಸುಲಭವಾಗಿ ಸಿಗಬೇಕು, ಆದೇಶ ಯಾವ ದಿನಾಂಕಕ್ಕೆ ತಾನಾಗಿ ರದ್ದಾಗುತ್ತದೆ ಎಂದು ಆದೇಶದಲ್ಲೇ ಬರೆದಿರಬೇಕು.

ಹಾನಿಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂಬುದನ್ನೂ ಬರೆದಿರಬೇಕು. ಲಸಿಕೆಯಿಂದ ತೀವ್ರ ತೊಂದರೆ ಲಕ್ಷಗಟ್ಟಲೆ ಮಕ್ಕಳಲ್ಲಿ ಎಲ್ಲೋ ಒಂದಕ್ಕೆ ಆಗಬಹುದು. ಆ ಒಂದು ಮನೆಗೆ ಅದು ಅಂಕಿಅಂಶವಲ್ಲ. ಅಮೆರಿಕದಲ್ಲಿ ಇದಕ್ಕಾಗಿಯೇ 1988ರಿಂದ ಒಂದು ನಿಧಿ ಇದೆ. ಮಾರಾಟವಾಗುವ ಪ್ರತಿ ಡೋಸ್‌ಗೆ, ಅದು ತಡೆಯುವ ಒಂದೊಂದು ರೋಗಕ್ಕೂ 75 ಸೆಂಟ್ ತೆರಿಗೆ ಸೇರಿ ಅದು ತುಂಬುತ್ತದೆ. ತಪ್ಪು ಯಾರದೆಂದು ಸಾಬೀತು ಮಾಡದೆಯೂ ಕುಟುಂಬ ಪರಿಹಾರ ಕೇಳಬಹುದು. ನಮ್ಮಲ್ಲಿ ಕೋವಿಡ್ ಲಸಿಕೆಯ ನಂತರ ತೀರಿಕೊಂಡ ಇಬ್ಬರು ಯುವತಿಯರ ತಂದೆತಾಯಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೊಟ್ಟ ಉತ್ತರದಲ್ಲಿ, ಲಸಿಕೆ ಹಾಕಿಸಿಕೊಳ್ಳಲು ಕಾನೂನಿನ ಒತ್ತಾಯ ಇರಲಿಲ್ಲ, ಸಾವಿಗೆ ಸರ್ಕಾರವನ್ನು ಹೊಣೆ ಮಾಡಲಾಗದು, ಬೇಕಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು ಎಂದಿತ್ತು. ಸಿನಿಮಾ ಟಿಕೆಟ್ಟಿಗೂ ಮಗುವಿನ ಶಾಲೆಗೂ ಎರಡು ಡೋಸ್ ಕೇಳಿದ ಆದೇಶಗಳು ಹೊರಟು ಅಷ್ಟೊತ್ತಿಗೆ ಒಂದು ವರ್ಷವೂ ಕಳೆದಿರಲಿಲ್ಲ.